ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಲಿಂಗ ಸಮಾನತೆ: ಗೇಟು ದಾಟಿ ಬಂದ ಮೇಲೆ ಏನು?

ಕಡಲಹಕ್ಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ತಾಂತ್ರಿಕ ವಿಶ್ವವಿದ್ಯಾಲಯವೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ನಮ್ಮಲ್ಲಿ ಹೊಸದಾಗಿ ಸಮಾನ ಅವಕಾಶ ಸಮಿತಿ ಆಗಿದೆ, ನನ್ನನ್ನೂ ಸದಸ್ಯೆಯಾಗಿ ಹಾಕಿದ್ದಾರೆ. ಮೊದಲ ಸಭೆಯ ಕಾರ್ಯಸೂಚಿ ಕೈಗೆ ಬಂದಿದೆ. ಮಹಿಳಾ ದಿನಾಚರಣೆ, ಸಾಧಕಿಯೊಬ್ಬರ ಉಪನ್ಯಾಸ, ಪೋಸ್ಟರ್ ಸ್ಪರ್ಧೆ, ಶಾಲಾ ಹುಡುಗಿಯರಿಗೆ ಒಂದು ದಿನದ ಕ್ಯಾಂಪಸ್ ಭೇಟಿ. ಇವು ಬೇಡ ಅನ್ನುವುದಿಲ್ಲ. ಆದರೆ ಇವೆಲ್ಲ ಹೊರಗೆ ನಿಂತವರನ್ನು ಒಳಗೆ ಕರೆಯುವ ಕೆಲಸ. ಒಳಗೆ ಬಂದವರ ಪಾಡೇನು ಅನ್ನುವುದರ ಬಗ್ಗೆ ಒಂದು ಸಾಲೂ ಇಲ್ಲ.

1870ರಲ್ಲಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ಸಂಸ್ಥೆ ಮೊದಲ ಬಾರಿಗೆ ಒಬ್ಬ ಹೆಣ್ಣುಮಗಳನ್ನು ಸೇರಿಸಿಕೊಂಡಿತು. ಎಲೆನ್ ಸ್ವಾಲೋ ಎಂದು ಹೆಸರು. ಆಕೆಯಿಂದ ಶುಲ್ಕ ತೆಗೆದುಕೊಳ್ಳಲಿಲ್ಲ. ಬಡತನ ನೋಡಿ ಬಿಟ್ಟಿದ್ದಾರೆ ಅಂದುಕೊಂಡಿದ್ದರು ಆಕೆ. ನಿಜವಾದ ಕಾರಣ ಆಮೇಲೆ ಗೊತ್ತಾಯಿತು: ಯಾರಾದರೂ ತಕರಾರು ತೆಗೆದರೆ "ಅವರು ನಮ್ಮ ವಿದ್ಯಾರ್ಥಿಯೇ ಅಲ್ಲ" ಎಂದು ಅಧ್ಯಕ್ಷರು ಹೇಳಲು ಬರಲಿ ಅಂತ. ಆಕೆ 1873ರಲ್ಲಿ ಪದವಿ ಪಡೆದರು, ಮುಂದೆ ಅಲ್ಲಿಯೇ ಪಾಠವನ್ನೂ ಮಾಡಿದರು. ಒಳಗೆ ಬಿಟ್ಟುಕೊಂಡೂ ಲೆಕ್ಕಕ್ಕೆ ಹಿಡಿಯದೆ ಇರುವ ಈ ಅಭ್ಯಾಸ ಇವತ್ತಿಗೂ ಬೇರೆ ಬೇರೆ ರೂಪದಲ್ಲಿ ಉಳಿದುಕೊಂಡಿದೆ ಅನ್ನುವುದೇ ನನ್ನ ಚಿಂತೆ.

ಸಮಿತಿ ಮೊದಲ ವರ್ಷ ಎಲ್ಲಿ ಕೈ ಹಾಕಿದರೆ ನಿಜವಾಗಿ ಏನಾದರೂ ಬದಲಾದೀತು? ವಿದ್ಯಾರ್ಥಿಗಳು, ಸಂಶೋಧಕರು, ತಾಂತ್ರಿಕ ಸಿಬ್ಬಂದಿ, ಎಲ್ಲರೂ ನೀವು ಕಂಡದ್ದನ್ನು ಬರೆಯಿರಿ.

---

ಅಂಕಿಸಂಖ್ಯೆ

ಮೇಡಂ, ಎಂಐಟಿಯ ಮಾತು ಎತ್ತಿದಿರಿ, ಅದೇ ಸಂಸ್ಥೆಯ ಮುಂದಿನ ಕಥೆಯಿಂದಲೇ ಉತ್ತರ ಕೊಡುತ್ತೇನೆ.

ನ್ಯಾನ್ಸಿ ಹಾಪ್ಕಿನ್ಸ್ ಅಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದರು. ಜೀಬ್ರಾಫಿಶ್ ಮೀನಿನ ಮೇಲೆ ಸಂಶೋಧನೆ ಮಾಡಲು ತೊಟ್ಟಿಗಳನ್ನು ಇಡಲು ಜಾಗ ಬೇಕಿತ್ತು, ಕೇಳಿದರೆ ಸಿಗಲಿಲ್ಲ. ತಮಗೆ ಬೇರೆಯವರಿಗಿಂತ ಕಡಿಮೆ ಜಾಗ ಇದೆ ಎಂದರೆ ಯಾರೂ ನಂಬಲಿಲ್ಲ. ಆಗ ಅವರು ಅಳತೆ ಟೇಪ್ ಹಿಡಿದು ಕಟ್ಟಡದ ಲ್ಯಾಬುಗಳನ್ನು ತಾವೇ ಅಳೆದರು. ಅವರು ಹೇಳಿದ್ದೇ ನಿಜವಾಗಿತ್ತು. ಆಮೇಲೆ ಸಹೋದ್ಯೋಗಿನಿಯರ ಜೊತೆ ಮಾತಾಡಿದಾಗ, ಪ್ರತಿಯೊಬ್ಬರೂ "ಇದು ನನ್ನೊಬ್ಬಳ ಸಮಸ್ಯೆ" ಅಂದುಕೊಂಡು ಸುಮ್ಮನಿದ್ದದ್ದು ಹೊರಬಂತು. 1994ರಲ್ಲಿ ಅಲ್ಲಿನ ವಿಜ್ಞಾನ ವಿಭಾಗಗಳಲ್ಲಿ ಕಾಯಂ ಹುದ್ದೆಯಲ್ಲಿದ್ದ ಮಹಿಳೆಯರು ಬರೀ 15 ಜನ. ಅವರು ಒಟ್ಟಾಗಿ ಒತ್ತಾಯಿಸಿದ್ದರಿಂದ ಸಮಿತಿ ಆಯಿತು. ಲ್ಯಾಬಿನ ಜಾಗ, ಸಂಬಳ, ಪ್ರಶಸ್ತಿಗೆ ಹೆಸರು ಸೂಚಿಸುವುದು, ಮುಖ್ಯ ಸಮಿತಿಗಳಲ್ಲಿ ಸ್ಥಾನ, ಎಲ್ಲದರ ಲೆಕ್ಕ ತೆಗೆದರು. 1999ರಲ್ಲಿ ವರದಿ ಪ್ರಕಟವಾಯಿತು, ಆಗಿನ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಅದನ್ನು ಬಹಿರಂಗವಾಗಿಯೇ ಒಪ್ಪಿಕೊಂಡರು.

ದೂರು ಹೇಳಿದರೆ "ನಿಮಗೆ ಹಾಗೆ ಅನ್ನಿಸುತ್ತದೆ" ಎಂದು ತಳ್ಳಿಹಾಕಬಹುದು. ಚದರಡಿಯನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ. ನಿಮ್ಮ ಸಮಿತಿಯ ಮೊದಲ ಕೆಲಸ ಅಳೆಯುವುದಾಗಲಿ. ಪ್ರವೇಶದ ಸಂಖ್ಯೆಯನ್ನು ಎಲ್ಲ ವಿಶ್ವವಿದ್ಯಾಲಯಗಳೂ ಇಟ್ಟುಕೊಂಡಿರುತ್ತವೆ. ಬೇಕಾಗಿರುವುದು ಅದರ ನಂತರದ್ದು: ಯಾವ ವರ್ಷದಲ್ಲಿ ಯಾರು ಬಿಟ್ಟುಹೋದರು, ಪಿಎಚ್‌ಡಿ ಮುಗಿಸಲು ಯಾರಿಗೆ ಎಷ್ಟು ಕಾಲ ಹಿಡಿಯಿತು, ಆಂತರಿಕ ಅನುದಾನ ಯಾರ ಪಾಲಾಯಿತು, ಮೊದಲ ವರ್ಷದ ದೊಡ್ಡ ತರಗತಿಗಳ ಹೊರೆ ಯಾರ ತಲೆ ಮೇಲಿದೆ.

---

ಸ್ಪ್ಯಾನರ್

ನಾನು ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. ಮೇಡಂ, ನಮ್ಮಂಥವರನ್ನೂ ಕೇಳಿದ್ದು ಒಳ್ಳೇದಾಯ್ತು, ಸಮಾನತೆ ಸಭೆಗೆ ನಮ್ಮನ್ನ ಯಾರೂ ಕರೆಯಲ್ಲ.

ನಾನು ದಿನಾ ನೋಡೋದು ಹೇಳ್ತೀನಿ. ಐದು ಜನರ ಬ್ಯಾಚ್, ಅದರಲ್ಲಿ ಒಬ್ಬಳು ಹುಡುಗಿ. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸೋ ಪ್ರಯೋಗ. ಮೊದಲ ಎರಡು ನಿಮಿಷದಲ್ಲೇ ಎಲ್ಲ ತೀರ್ಮಾನ ಆಗಿಹೋಗುತ್ತೆ. ಒಬ್ಬ ಸ್ಪ್ಯಾನರ್ ಎತ್ಕೋತಾನೆ, ಇನ್ನೊಬ್ಬ ವರ್ನಿಯರ್ ಹಿಡೀತಾನೆ, "ನಿನ್ನ ಅಕ್ಷರ ಚೆನ್ನಾಗಿದೆ" ಅಂತ ರೆಕಾರ್ಡ್ ಪುಸ್ತಕ ಹುಡುಗಿ ಕೈಗೆ ಹೋಗುತ್ತೆ. ಅಲ್ಲಿ ಯಾರ ಮನಸ್ಸಲ್ಲೂ ಕೆಟ್ಟದ್ದಿಲ್ಲ. ಆ ಹುಡುಗಿಯೂ ಬೇಜಾರು ತೋರಿಸಲ್ಲ. ಆದರೆ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಾಲ್ಕು ಜನರ ಕೈ ಪಳಗಿರುತ್ತೆ, ಒಬ್ಬಳಿಗೆ ರೀಡಿಂಗ್ ಬರೆಯೋದು ಮಾತ್ರ ಪಳಗಿರುತ್ತೆ. ಆಮೇಲೆ ಇಂಟರ್ನ್‌ಶಿಪ್ ಇಂಟರ್ವ್ಯೂನಲ್ಲಿ "ಹ್ಯಾಂಡ್ಸ್ ಆನ್ ಅನುಭವ ಇದೆಯಾ" ಅಂತ ಕೇಳ್ತಾರೆ.

ನಾನು ನನ್ನ ಶಾಪಿನಲ್ಲಿ ಎರಡು ನಿಯಮ ಮಾಡಿದೀನಿ. ಬಿಚ್ಚೋರು, ಅಳೆಯೋರು, ಬರೆಯೋರು, ಸುರಕ್ಷತೆ ನೋಡೋರು ಅಂತ ಪಾತ್ರಗಳನ್ನ ನಾನೇ ಹಂಚಿ ಬೋರ್ಡ್ ಮೇಲೆ ಬರೀತೀನಿ, ಪ್ರತಿ ವಾರ ಬದಲಾಯಿಸ್ತೀನಿ. ಎರಡನೇದು, ಹುಡುಗಿಯರು ಕಡಿಮೆ ಇದ್ದಾರೆ ಅಂತ ಬ್ಯಾಚಿಗೊಬ್ಬರಂತೆ ಹಂಚಲ್ಲ. ಇಬ್ಬಿಬ್ಬರಾಗಿ ಹಾಕ್ತೀನಿ. ಹಂಚಿ ಹಾಕಿದರೆ ಪಟ್ಟಿ ನೋಡೋಕೆ ಸಮಾನ ಅನ್ನಿಸುತ್ತೆ, ಪ್ರತಿ ಬ್ಯಾಚಲ್ಲೂ ಒಬ್ಬಳು ಒಂಟಿ ಆಗ್ತಾಳೆ.

ಇನ್ನೊಂದು ಚಿಕ್ಕ ವಿಷಯ, ಚಿಕ್ಕದಲ್ಲ ಅಂತಲೂ ಅನ್ಕೊಳ್ಳಿ. ವೆಲ್ಡಿಂಗ್ ಗ್ಲೌಸ್ ಎಲ್ಲಾ ಒಂದೇ ದೊಡ್ಡ ಸೈಜು. ಬೆರಳಿನ ತುದಿ ಖಾಲಿ ಜೋತಾಡ್ತಿದ್ದರೆ ಎಲೆಕ್ಟ್ರೋಡ್ ಹೋಲ್ಡರ್ ಹಿಡಿತಕ್ಕೆ ಸಿಗಲ್ಲ, ಕೈ ನಡುಗುತ್ತೆ, ಬೀಡ್ (ಬೆಸುಗೆಯ ಗೆರೆ) ವಂಕರ ಬರುತ್ತೆ. ನೋಡಿದವರು "ಹುಡುಗೀರಿಗೆ ವೆಲ್ಡಿಂಗ್ ಕೂರಲ್ಲ" ಅಂತಾರೆ. ಸಣ್ಣ ಸೈಜು ಇಂಡೆಂಟ್ ಹಾಕಿ ತರಿಸಿದ ಮೇಲೆ ಅದೇ ಹುಡುಗೀರ ಬೀಡ್ ನೆಟ್ಟಗೆ ಬಂತು.

---

ಮೂರನೇ ಸೆಮಿಸ್ಟರ್

ನಾನು ವಿದ್ಯಾರ್ಥಿ. ಯಾರಿಗೂ ನೋವಾಗಬಾರದು, ಆದರೂ ಮನಸ್ಸಿನಲ್ಲಿರೋದನ್ನ ಕೇಳ್ತೀನಿ. ಪರೀಕ್ಷೆಗೆ ಎಲ್ಲರೂ ಒಂದೇ ಪುಸ್ತಕ ಓದ್ತಾರೆ, ಒಂದೇ ಪ್ರಶ್ನೆಪತ್ರಿಕೆ ಬರೀತಾರೆ. ಹಾಗಿರುವಾಗ ಹುಡುಗಿಯರಿಗೆ ಅಂತ ಬೇರೆ ಸೀಟು ಕೊಟ್ಟರೆ ಅದೇ ಅಸಮಾನತೆ ಅಲ್ವಾ? ನನ್ನ ಗೆಳೆಯನೊಬ್ಬ ಸ್ವಲ್ಪದರಲ್ಲಿ ಬಯಸಿದ ಬ್ರಾಂಚ್ ತಪ್ಪಿಸಿಕೊಂಡ. ಅವನಿಗೆ ಏನು ಹೇಳೋದು?

---

ಅಂಕಿಸಂಖ್ಯೆ

@ಮೂರನೇ ಸೆಮಿಸ್ಟರ್, ಕೇಳಬೇಕಾದ ಪ್ರಶ್ನೆಯೇ. ಐಐಟಿಗಳ ಉದಾಹರಣೆ ನೋಡಿ. 2018ಕ್ಕೆ ಮುಂಚೆ ಅಲ್ಲಿನ ಬಿ.ಟೆಕ್ ಪ್ರವೇಶದಲ್ಲಿ ಹುಡುಗಿಯರು ಶೇ. 10ಕ್ಕಿಂತ ಕಡಿಮೆ ಇದ್ದರು. 2018ರಿಂದ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿದರು. ಗುರಿ ಮೊದಲ ವರ್ಷ ಶೇ. 14, ಮರುವರ್ಷ 17, 2020ಕ್ಕೆ 20. ಇಲ್ಲಿ "ಹೆಚ್ಚುವರಿ" ಅನ್ನುವುದನ್ನು ಗಮನಿಸಿ. ಎಲ್ಲರಿಗೂ ಮುಕ್ತವಾಗಿದ್ದ ಸೀಟುಗಳನ್ನು ಕಡಿಮೆ ಮಾಡಲಿಲ್ಲ, ಅದರ ಮೇಲೆ ಸೇರಿಸಿದರು. ಅವನ್ನು ಪಡೆಯಲು ಆ ಹುಡುಗಿಯರೂ ಅದೇ ಜೆಇಇ ಅಡ್ವಾನ್ಸ್ಡ್‌ನಲ್ಲಿ ಅರ್ಹತೆ ಪಡೆದಿರಬೇಕು. ಆ ವ್ಯವಸ್ಥೆಯಲ್ಲಿ ನಿಮ್ಮ ಗೆಳೆಯನ ಸೀಟು ಯಾರೂ ಕಿತ್ತುಕೊಂಡಂತಾಗುವುದಿಲ್ಲ.

ಒಂದೇ ಪ್ರಶ್ನೆಪತ್ರಿಕೆ ಸರಿ. ಆದರೆ ಆ ಪತ್ರಿಕೆಯ ತನಕ ಬರುವ ದಾರಿ ಒಂದೇ ಆಗಿರುವುದಿಲ್ಲ. ಕೋಚಿಂಗಿಗೆ ಮಗನನ್ನು ದೂರದ ಊರಿಗೆ ಕಳಿಸುವ ಮನೆಯವರೇ ಮಗಳನ್ನು ಕಳಿಸಲು ಹಿಂಜರಿಯುತ್ತಾರೆ.

---

ಹಳೇ ಮೇಷ್ಟ್ರು

ನಿವೃತ್ತ ಪ್ರಾಧ್ಯಾಪಕ, ಕಂಪ್ಯೂಟರ್ ಸೈನ್ಸ್. ಸೀಟಿನ ಚರ್ಚೆ ಶುರುವಾದರೆ ಉಳಿದದ್ದೆಲ್ಲ ಮರೆತುಹೋಗುತ್ತದೆ, ಅದಕ್ಕೇ ತರಗತಿಯ ಕಡೆಗೆ ಎಳೆಯುತ್ತೇನೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ 1995ರಲ್ಲಿ ಸೇರಿದವರಲ್ಲಿ ಹೆಣ್ಣುಮಕ್ಕಳು ಶೇ. 7. 2000ನೇ ಇಸವಿಗೆ ಅದು ಶೇ. 42 ಆಯಿತು. ಜೇನ್ ಮಾರ್ಗೋಲಿಸ್ ಮತ್ತು ಆಲನ್ ಫಿಶರ್ ಅಲ್ಲಿನ ವಿದ್ಯಾರ್ಥಿಗಳ ಜೊತೆ ಕೂತು ವರ್ಷಗಟ್ಟಲೆ ಮಾತಾಡಿ ಕಾರಣ ಹುಡುಕಿದರು. ಬಾಲ್ಯದಿಂದ ಮನೆಯ ಕಂಪ್ಯೂಟರ್ ಹುಡುಗನ ಕೋಣೆಯಲ್ಲೇ ಇರುತ್ತಿತ್ತು. ಮೊದಲೇ ಪ್ರೋಗ್ರಾಮಿಂಗ್ ಕಲಿತು ಬಂದವರನ್ನು ಬುದ್ಧಿವಂತರು ಎಂದು, ಕಲಿಯದೆ ಬಂದವರನ್ನು ದಡ್ಡರು ಎಂದು ತರಗತಿ ತೀರ್ಮಾನ ಮಾಡಿಬಿಡುತ್ತಿತ್ತು. ಪೂರ್ವಾನುಭವಕ್ಕೆ ಪ್ರವೇಶದಲ್ಲಿ ಕೊಡುತ್ತಿದ್ದ ತೂಕವನ್ನು ಕಡಿಮೆ ಮಾಡಿದರು, ಬೇರೆ ಬೇರೆ ಅನುಭವದವರಿಗೆ ಬೇರೆ ಬೇರೆ ಆರಂಭಿಕ ಕೋರ್ಸ್ ಇಟ್ಟರು. ವಿಷಯದ ಗಟ್ಟಿತನವನ್ನು ಕಡಿಮೆ ಮಾಡಲಿಲ್ಲ.

ಅಮೆರಿಕದ್ದೇ ಆದ ಹಾರ್ವಿ ಮಡ್ ಕಾಲೇಜಿನಲ್ಲೂ ಇದೇ ದಾರಿ. 2006ರಲ್ಲಿ ಮರಿಯಾ ಕ್ಲಾವೆ ಅಧ್ಯಕ್ಷರಾಗಿ ಬಂದರು. ಅಲ್ಲಿನ ಅಧ್ಯಾಪಕರು ಮೊದಲ ಕೋರ್ಸನ್ನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಪೈಥಾನ್ ಭಾಷೆಗೆ ಬದಲಾಯಿಸಿ, ಅನುಭವ ಇದ್ದವರಿಗೂ ಇಲ್ಲದವರಿಗೂ ಬೇರೆ ಬೇರೆ ವಿಭಾಗ ಮಾಡಿದ್ದರು. ಕೆಲವೇ ವರ್ಷಗಳಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡವರಲ್ಲಿ ಹೆಣ್ಣುಮಕ್ಕಳ ಪ್ರಮಾಣ ಶೇ. 10ರ ಆಸುಪಾಸಿನಿಂದ ಶೇ. 40ರ ಹತ್ತಿರಕ್ಕೆ ಏರಿತು. ತರಗತಿಯಲ್ಲಿ ಎಲ್ಲ ಪ್ರಶ್ನೆಗೂ ತಾನೇ ಉತ್ತರಿಸಿ ತನಗೆ ಗೊತ್ತಿರುವುದನ್ನೆಲ್ಲ ಪ್ರದರ್ಶಿಸುವ ವಿದ್ಯಾರ್ಥಿಯನ್ನು ಅಧ್ಯಾಪಕರು ಪ್ರತ್ಯೇಕವಾಗಿ ಕರೆದು, "ನಿನ್ನ ಜೊತೆ ಮಾತಾಡುವುದು ನನಗೆ ಇಷ್ಟ, ಆದರೆ ಅದನ್ನು ಕ್ಲಾಸಿನ ಹೊರಗೆ ಮಾಡೋಣ" ಎಂಬ ಅರ್ಥದಲ್ಲಿ ಹೇಳುತ್ತಿದ್ದರಂತೆ. ಆ ಹುಡುಗನ ಉತ್ಸಾಹಕ್ಕೂ ಪೆಟ್ಟಿಲ್ಲ, ಉಳಿದ ಮೂವತ್ತು ಜನರ ಬಾಯಿಗೂ ಬೀಗ ಬೀಳಲಿಲ್ಲ.

@ಮೂರನೇ ಸೆಮಿಸ್ಟರ್, ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ಬಂದ ಹುಡುಗರಿಗೂ ಈ ಬದಲಾವಣೆಯಿಂದ ಅಷ್ಟೇ ಲಾಭ. ಇದನ್ನು ನಿಮ್ಮ ಗೆಳೆಯನಿಗೆ ಹೇಳಿ.

---

ತುಂತುರು

ನಾನು ಮೆಟೀರಿಯಲ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿಯವರೆಗೆ ಯಾರೂ ಮುಟ್ಟದ ವಿಷಯ: ಬಸಿರು ಮತ್ತು ಲ್ಯಾಬ್.

ನಮ್ಮ ಫ್ಯೂಮ್ ಹುಡ್‌ನಲ್ಲಿ (ರಾಸಾಯನಿಕದ ಆವಿಯನ್ನು ಹೊರಗೆ ಎಳೆಯುವ ಗೂಡು) ದಿನಾ ಬಳಕೆಯಾಗುವ ಡಿಎಂಎಫ್ ಗರ್ಭಕ್ಕೆ ಹಾನಿ ಮಾಡಬಲ್ಲ ದ್ರಾವಕ. ಸೀಸದ ಸಂಯುಕ್ತಗಳೂ ಹಾಗೆಯೇ. ಪೆರೋವ್‌ಸ್ಕೈಟ್ ಸೌರಕೋಶದ ಮೇಲೆ ಕೆಲಸ ಮಾಡುವವರಿಗೆ ಎರಡೂ ಒಟ್ಟೊಟ್ಟಿಗೆ ಬೇಕು. ಅಪಾಯ ಹೆಚ್ಚಿರುವುದು ಮೊದಲ ವಾರಗಳಲ್ಲಿ. ಆಗ ಮನೆಯವರಿಗೇ ಹೇಳಿರುವುದಿಲ್ಲ, ಇನ್ನು ಗೈಡ್‌ಗೆ ಹೇಳುವುದು ಹೇಗೆ? ಹೇಳಿದರೆ "ಇನ್ನು ಇವಳ ಪ್ರಾಜೆಕ್ಟ್ ಮುಗಿದ ಹಾಗೇ" ಎಂಬ ಮುಖ ನೋಡಬೇಕು. ಹೇಳದೆ ಇದ್ದರೆ ಅದೇ ಹುಡ್ ಮುಂದೆ ನಿಲ್ಲಬೇಕು. ನನ್ನ ಸೀನಿಯರ್ ಒಬ್ಬರು ಹೀಗೆ ಹೇಳಲಾಗದೆ, ನಿಲ್ಲಲಾಗದೆ ಮೂರು ತಿಂಗಳು ಆರೋಗ್ಯದ ನೆಪ ಹೇಳಿ ರಜೆ ಹಾಕಿದರು. ಆ ಅವಧಿಗೆ ಪ್ರಗತಿ ಪರಿಶೀಲನೆಯಲ್ಲಿ "ಅತೃಪ್ತಿಕರ" ಎಂದು ಬಂತು.

ನಮಗೆ ಬೇಕಾಗಿರುವುದು ಕರುಣೆಯಲ್ಲ. ಯಾವ ರಾಸಾಯನಿಕ ಯಾರಿಗೆ ಅಪಾಯ ಅನ್ನುವ ಪಟ್ಟಿ ಲ್ಯಾಬಿಗೆ ಸೇರಿದ ದಿನವೇ ಎಲ್ಲರ ಕೈಗೆ ಬರಬೇಕು, ಗಂಡಸರ ಕೈಗೂ. ಅವರ ಸಂತಾನಶಕ್ತಿಗೆ ಹಾನಿ ಮಾಡುವ ವಸ್ತುಗಳೂ ಅದರಲ್ಲಿವೆ. ಸುರಕ್ಷತಾ ಅಧಿಕಾರಿಯ ಹತ್ತಿರ ಗುಟ್ಟಾಗಿ ವಿಚಾರಿಸುವ ದಾರಿ ಇರಬೇಕು. ಸಿಮ್ಯುಲೇಷನ್ ಅಥವಾ ದತ್ತಾಂಶ ವಿಶ್ಲೇಷಣೆಗೆ ತಾತ್ಕಾಲಿಕವಾಗಿ ಹೊರಳುವುದಕ್ಕೆ ಗೈಡ್ ಅನುಮತಿಯ ಮೇಲೆ ಕಾಯುವಂತಾಗಬಾರದು, ಅದು ನಿಯಮದಲ್ಲೇ ಇರಬೇಕು. ಫೆಲೋಶಿಪ್ ಅವಧಿ ಅಷ್ಟೇ ತಿಂಗಳು ಮುಂದೆ ಹೋಗಬೇಕು, ಹಣವೂ ಸೇರಿ. ಅವಧಿ ಮಾತ್ರ ವಿಸ್ತರಿಸಿ ಹಣ ಕೊಡದಿದ್ದರೆ ಅದರಿಂದ ಯಾರಿಗೆ ಉಪಯೋಗ?

---

ಬೆಳ್ಳಿಚುಕ್ಕಿ

ಮೆಕ್ಯಾನಿಕಲ್‌ನಲ್ಲಿ ಸಹ ಪ್ರಾಧ್ಯಾಪಕಿ. ನೇಮಕಾತಿ ಸಮಿತಿಗಳಲ್ಲಿ ಕೂತು ಕೂತು ಕಂಡದ್ದು ಬರೆಯುತ್ತೇನೆ.

2012ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ವಿಜ್ಞಾನ ವಿಭಾಗಗಳ 127 ಅಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಹುದ್ದೆಯ ಒಂದೇ ಅರ್ಜಿ ಕಳಿಸಿದರು. ಅರ್ಧ ಜನಕ್ಕೆ ಜಾನ್ ಎಂಬ ಹೆಸರಲ್ಲಿ, ಉಳಿದರ್ಧಕ್ಕೆ ಜೆನಿಫರ್ ಎಂಬ ಹೆಸರಲ್ಲಿ. ಬೇರೆ ಒಂದಕ್ಷರವೂ ವ್ಯತ್ಯಾಸವಿಲ್ಲ. ಜಾನ್ ಹೆಚ್ಚು ಸಮರ್ಥ ಎಂದು ಕಂಡ. ಅವನಿಗೆ ಸೂಚಿಸಿದ ಸಂಬಳ ಸರಾಸರಿ 30,238 ಡಾಲರ್, ಅವಳಿಗೆ 26,508. ಹೀಗೆ ತೂಗಿದವರಲ್ಲಿ ಮಹಿಳಾ ಅಧ್ಯಾಪಕರೂ ಹಿಂದೆ ಬೀಳಲಿಲ್ಲ. ಅಂದಮೇಲೆ ಸಮಿತಿಗೆ ಒಬ್ಬ ಹೆಂಗಸನ್ನು ಸೇರಿಸಿ ಕೈತೊಳೆದುಕೊಂಡರೆ ಆಗದು.

ನಮ್ಮ ಒಂದು ಸಭೆಯಲ್ಲಿ ನಡೆದದ್ದು. ಪುರುಷ ಅಭ್ಯರ್ಥಿಗೆ ಪ್ರಬಂಧಗಳು ಕಡಿಮೆ, ಉದ್ಯಮದ ಅನುಭವ ಹೆಚ್ಚು. "ಅನುಭವ ಮುಖ್ಯ" ಅಂದರು. ಮುಂದಿನ ಅಭ್ಯರ್ಥಿ ಮಹಿಳೆ, ಆಕೆಗೂ ಉದ್ಯಮದ ಅನುಭವ ಹೆಚ್ಚು, ಪ್ರಬಂಧ ಕಡಿಮೆ. "ಪ್ರಕಟಣೆ ಸಾಲದು" ಅಂದರು. ಅರ್ಧ ಗಂಟೆಯೊಳಗೆ ಅಳತೆಗೋಲೇ ಬದಲಾಗಿತ್ತು, ಅದನ್ನು ಬದಲಾಯಿಸಿದವರಿಗೇ ಅದರ ಅರಿವಿರಲಿಲ್ಲ. ಅದಾದ ಮೇಲೆ ಹಟ ಹಿಡಿದು ಒಂದು ಪದ್ಧತಿ ತಂದೆವು: ಅರ್ಜಿ ತೆರೆಯುವ ಮೊದಲೇ ಯಾವುದಕ್ಕೆ ಎಷ್ಟು ತೂಕ ಎಂದು ಬರೆದು ಸಹಿ ಹಾಕುವುದು. ಊಲ್ಮನ್ ಮತ್ತು ಕೋಹೆನ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೆ ಮೊದಲೇ ಮಾನದಂಡಕ್ಕೆ ಕಟ್ಟುಬಿದ್ದಾಗ ತಾರತಮ್ಯ ಇಳಿದದ್ದು ಕಂಡಿತ್ತು. ಬೇರೇನೂ ಮಾಡಲಾಗದಿದ್ದರೆ ಇದೊಂದನ್ನು ಮಾಡಿ. ಖರ್ಚಿಲ್ಲ, ಯಾರ ವಿರೋಧವೂ ಇರುವುದಿಲ್ಲ.

ಗಟ್ಟಿಯಾದ ಹೆಜ್ಜೆ ಬೇಕು ಅನ್ನುವವರಿಗೆ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಅಲ್ಲಿ 2019ರ ಜುಲೈಯಿಂದ ಅಧ್ಯಾಪಕ ಹುದ್ದೆಗಳನ್ನು ಮೊದಲ ಆರು ತಿಂಗಳು ಮಹಿಳೆಯರಿಗೆ ಮಾತ್ರ ತೆರೆದರು. ಇದು ಅತಿಯಾಯಿತು ಎಂದು ಆ ದೇಶದ ಮಾನವ ಹಕ್ಕುಗಳ ಸಂಸ್ಥೆ 2020ರಲ್ಲಿ ಅಭಿಪ್ರಾಯ ಕೊಟ್ಟಿತು. ವಿಶ್ವವಿದ್ಯಾಲಯ ಕೈಬಿಡಲಿಲ್ಲ. ಮಹಿಳೆಯರು ತೀರ ಕಡಿಮೆ ಇರುವ ಕಡೆಗೆ, ಒಂದಷ್ಟು ಪಾಲು ಹುದ್ದೆಗಳಿಗೆ ಸೀಮಿತ ಮಾಡಿ ಮತ್ತೆ ಶುರುಮಾಡಿತು. ನನ್ನ ಮಟ್ಟಿಗೆ ಈ ಎರಡನೇ ರೂಪವೇ ಸರಿ. ಎಲ್ಲಿ ಕೊರತೆ ಇದೆಯೋ ಅಲ್ಲಿಗೆ ಮದ್ದು.

---

ಸೇತುವೆ

ಯುವ ಅಧ್ಯಾಪಕ, ಸಿವಿಲ್. ಒಂದು ವರ್ಷದ ಮಗಳಿದ್ದಾಳೆ. ತಂದೆಯರಿಗೂ ರಜೆ ಬೇಕು ಅನ್ನುವುದು ನನ್ನ ಮಾತು. ಎಲ್ಲ ಸೌಲಭ್ಯವೂ ತಾಯಿಗೆ ಮಾತ್ರ ಎಂದರೆ, ಮಗು ನೋಡಿಕೊಳ್ಳುವುದು ಆಕೆಯ ಕೆಲಸ ಎಂದು ಆಡಳಿತವೇ ಮುದ್ರೆ ಒತ್ತಿದಂತೆ.

---

ಬೆಳ್ಳಿಚುಕ್ಕಿ

@ಸೇತುವೆ, ರಜೆ ಖಂಡಿತ ಬೇಕು. ಆದರೆ ಒಂದು ಎಚ್ಚರಿಕೆ. ಅಮೆರಿಕದ ಪ್ರಮುಖ ಅರ್ಥಶಾಸ್ತ್ರ ವಿಭಾಗಗಳಲ್ಲಿ ಮಗು ಹುಟ್ಟಿದಾಗ ಕಾಯಂ ಹುದ್ದೆಗೆ ಅರ್ಹತೆ ತೋರಿಸಬೇಕಾದ ಗಡುವನ್ನು ಒಂದು ವರ್ಷ ಮುಂದೂಡುವ ಅವಕಾಶವನ್ನು ಗಂಡಸರಿಗೂ ಹೆಂಗಸರಿಗೂ ಸಮವಾಗಿ ಕೊಟ್ಟರು. ಪರಿಣಾಮವನ್ನು ಅಧ್ಯಯನ ಮಾಡಿದ ಪ್ರಬಂಧ 2018ರಲ್ಲಿ ಬಂತು. ಅಂಥ ಕಡೆ ಗಂಡಸರು ಮೊದಲ ಕೆಲಸದಲ್ಲೇ ಕಾಯಂ ಆಗುವ ಪ್ರಮಾಣ ಏರಿತ್ತು, ಹೆಂಗಸರದು ಇಳಿದಿತ್ತು. ಸಿಕ್ಕ ವರ್ಷದಲ್ಲಿ ಗಂಡಸರು ದೊಡ್ಡ ಪತ್ರಿಕೆಗಳಲ್ಲಿ ಹೆಚ್ಚು ಪ್ರಬಂಧ ಪ್ರಕಟಿಸಿದ್ದರು. ಹೆಂಗಸರಿಗೆ ಆ ವರ್ಷ ಹೆರಿಗೆ, ಹಾಲೂಡಿಕೆ, ನಿದ್ದೆಗೆಟ್ಟ ರಾತ್ರಿಗಳಲ್ಲೇ ಕಳೆದಿತ್ತು. ಆ ಮೇಲೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಿದರು.

---

ಸೇತುವೆ

ಇದು ಗೊತ್ತಿರಲಿಲ್ಲ ಮೇಡಂ. ಹಾಗಾದರೆ ರಜೆ ಬೇರೆ, ಗಡುವಿನ ವಿಸ್ತರಣೆ ಬೇರೆ ಎಂದು ಮಾಡಬಹುದಲ್ಲ? ತಂದೆಗೆ ಮಗುವಿನ ಜೊತೆ ಇರಲು ಸಂಬಳ ಸಹಿತ ರಜೆ ಇರಲಿ, ಅದನ್ನು ತಾಯಿ ಕೆಲಸಕ್ಕೆ ಮರಳಿದ ಮೇಲೆಯೇ ತೆಗೆದುಕೊಳ್ಳಬೇಕು ಎಂದಿರಲಿ. ಆಗ ಮಗು ನಿಜವಾಗಿ ಅವನ ಕೈಯಲ್ಲೇ ಇರುತ್ತದೆ. ಗಡುವಿನ ವಿಸ್ತರಣೆ ಮಾತ್ರ ಹೆತ್ತ ತಾಯಿಗೆ, ಅಥವಾ ಒಬ್ಬರೇ ಮಗು ಸಾಕುತ್ತಿದ್ದರೆ ಅವರಿಗೆ. ನನಗಂತೂ ಇದು ನ್ಯಾಯ ಅನ್ನಿಸುತ್ತದೆ.

---

ನದಿಮೂಲ

ನಾನು ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿ. ಇಡೀ ಚರ್ಚೆ ಹುಡುಗ, ಹುಡುಗಿ ಎಂಬ ಎರಡೇ ಕಾಲಂನಲ್ಲಿ ಓಡುತ್ತಿದೆ. ನನ್ನ ಬೇಡಿಕೆ ದೊಡ್ಡದೇನಲ್ಲ. ಹೆಸರು ಬದಲಾಯಿಸಿದ ಮೇಲೆ ಹಾಜರಿ ಪಟ್ಟಿ, ಲ್ಯಾಬ್ ಲಾಗಿನ್, ಗ್ರಂಥಾಲಯದ ಕಾರ್ಡ್, ಪರೀಕ್ಷೆಯ ಹಾಲ್ ಟಿಕೆಟ್ ಎಲ್ಲದರಲ್ಲೂ ಒಂದೇ ಅರ್ಜಿಗೆ ಬದಲಾಗಬೇಕು. ಈಗ ನಾಲ್ಕು ಕಚೇರಿಗೆ ಅಲೆದು, ನಾಲ್ಕು ಕಡೆಯೂ ಅದೇ ಕಥೆ ಹೇಳಬೇಕು. ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಹಳೆಯ ಹೆಸರು ಗಟ್ಟಿಯಾಗಿ ಕೂಗಿದರು. ಆಮೇಲೆ ಟ್ರಾನ್ಸ್‌ಫಾರ್ಮರ್ ಬಗ್ಗೆ ಏನು ಕೇಳಿದರೂ ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಮೆಷಿನ್ ಲ್ಯಾಬ್ ಕಟ್ಟಡದಲ್ಲಿ ಯಾರು ಬೇಕಾದರೂ ಬಳಸಬಹುದಾದ, ಒಳಗಿನಿಂದ ಚಿಲಕ ಇರುವ ಒಂದು ಶೌಚಾಲಯ ಬೇಕು. ಅದು ಗಾಲಿಕುರ್ಚಿಯೂ ಹೋಗುವಷ್ಟು ಅಗಲವಿದ್ದರೆ ಇನ್ನೂ ಹೆಚ್ಚು ಜನಕ್ಕೆ ಒದಗುತ್ತದೆ.

---

ಸ್ಪ್ಯಾನರ್

@ನದಿಮೂಲ, ನಮ್ಮ ಬ್ಲಾಕಿನಲ್ಲಿ ಮಹಿಳೆಯರ ಶೌಚಾಲಯವೇ ಎರಡು ಮಹಡಿ ಮೇಲಿದೆ. ಕಟ್ಟಡ ಕಟ್ಟಿದಾಗ ಈ ಮಹಡಿಗೆ ಹೆಂಗಸರು ಬರ್ತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಮೂರು ಗಂಟೆ ಪ್ರಾಕ್ಟಿಕಲ್ ಇದ್ದರೆ ಹುಡುಗೀರು ಬೆಳಗ್ಗೆಯಿಂದ ನೀರು ಕುಡಿಯದೆ ಬರ್ತಾರೆ. ನಿಮ್ಮದೂ ನಮ್ಮದೂ ಒಂದೇ ಅರ್ಜಿಯಲ್ಲಿ ಹಾಕೋಣ.

---

ದಾರಿದೀಪ

ದೂರು ವಿಚಾರಣಾ ಸಮಿತಿಯಲ್ಲಿ ಕೆಲಸ ಮಾಡಿದ್ದೇನೆ. ಯಾವ ಪ್ರಕರಣದ ವಿವರವನ್ನೂ ಹೇಳುವುದಿಲ್ಲ, ಸಾಮಾನ್ಯವಾಗಿ ಕಂಡದ್ದನ್ನು ಹೇಳುತ್ತೇನೆ.

ಕಿರುಕುಳ ಅಂದರೆ ಮೈಮುಟ್ಟುವುದು, ಕೆಟ್ಟ ಬೇಡಿಕೆ ಇಡುವುದು ಎಂದಷ್ಟೇ ಜನ ತಿಳಿದಿದ್ದಾರೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು ವಿಜ್ಞಾನ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕ್ಷೇತ್ರಗಳ ಬಗ್ಗೆ 2018ರಲ್ಲಿ ಕೊಟ್ಟ ವರದಿಯ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಕಾಣುವುದು ಹೆಣ್ಣೆಂಬ ಕಾರಣಕ್ಕೆ ಹೀಗಳೆಯುವುದು, ಹೊರಗಿಡುವುದು, ನಿನಗಿದು ಹೇಳಿದ್ದಲ್ಲ ಎಂದು ದಿನಾ ಚುಚ್ಚುವುದು. ಇಂಥದ್ದು ನಡೆಯುತ್ತದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಸಂಸ್ಥೆಯ ವಾತಾವರಣ ಎಂದೂ ಅದೇ ವರದಿ ಹೇಳಿತು. ದೂರು ಕೊಟ್ಟವರ ಗತಿ ಏನಾಗುತ್ತದೆ, ಮೇಲಿನವರು ಕಂಡೂ ಕಾಣದಂತೆ ಇರುತ್ತಾರೋ ಎಂಬುದನ್ನು ಎಲ್ಲರೂ ನೋಡುತ್ತಿರುತ್ತಾರೆ.

ಪಿಎಚ್‌ಡಿ ವಿದ್ಯಾರ್ಥಿನಿಯ ಸ್ಥಿತಿ ಎಲ್ಲರಿಗಿಂತ ಕಷ್ಟದ್ದು. ಆಕೆಯ ದತ್ತಾಂಶ, ಫೆಲೋಶಿಪ್ ಬಿಲ್, ಶಿಫಾರಸು ಪತ್ರ, ಮುಂದಿನ ಕೆಲಸ ಎಲ್ಲವೂ ಒಬ್ಬನೇ ಮನುಷ್ಯನ ಸಹಿಯಲ್ಲಿರುತ್ತವೆ. ಅವನ ಮೇಲೆಯೇ ದೂರು ಕೊಡು ಎಂದರೆ ಹೇಗೆ? ನಮ್ಮಲ್ಲಿಗೆ ಬಂದ ಹಲವರು ಕೊನೆಗೆ "ದೂರು ಬೇಡ, ಗೈಡ್ ಬದಲಾಯಿಸಿಕೊಡಿ ಸಾಕು" ಎಂದರು. ಅದಕ್ಕೂ ಅದೇ ಗೈಡ್‌ನ ಒಪ್ಪಿಗೆ ಪತ್ರ ಬೇಕು ಎಂದಿತ್ತು ನಿಯಮ. ಕಡಲಹಕ್ಕಿ ಮೇಡಂ, ನಿಮ್ಮ ಸಮಿತಿ ಬೇರೇನನ್ನೂ ಮಾಡದಿದ್ದರೂ ಈ ನಿಯಮವನ್ನು ತೆಗೆಸಲಿ. ಕಾರಣ ಹೇಳದೆ, ಮಾಡಿದ ಕೆಲಸವನ್ನು ಕಳೆದುಕೊಳ್ಳದೆ ಗೈಡ್ ಬದಲಾಯಿಸುವ ಹಕ್ಕು ಸಂಶೋಧಕರಿಗೆ ಸಿಗಲಿ. ಪ್ರತಿ ಸಂಶೋಧಕರಿಗೂ ಮೊದಲ ದಿನದಿಂದಲೇ ಇಬ್ಬರು ಮಾರ್ಗದರ್ಶಕರಿದ್ದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

---

ಹಳೇ ಮೇಷ್ಟ್ರು

ಪಾಠದ ಮೌಲ್ಯಮಾಪನದ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಬಡ್ತಿಗೆ ವಿದ್ಯಾರ್ಥಿಗಳು ಕೊಡುವ ಅಂಕಗಳನ್ನು ಲೆಕ್ಕ ಹಿಡಿಯುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆನ್‌ಲೈನ್ ಕೋರ್ಸಿನ ಇಬ್ಬರು ಬೋಧಕರು, ಒಬ್ಬ ಗಂಡು, ಒಬ್ಬ ಹೆಣ್ಣು, ಕೆಲವು ಗುಂಪುಗಳಿಗೆ ತಮ್ಮ ಗುರುತನ್ನು ಅದಲುಬದಲು ಮಾಡಿಕೊಂಡರು. ಮುಖ ಕಾಣದ ಕಾರಣ ವಿದ್ಯಾರ್ಥಿಗಳಿಗೆ ಗೊತ್ತಾಗಲಿಲ್ಲ. ನಿಜದಲ್ಲಿ ಯಾರೇ ಕಲಿಸಿರಲಿ, ಗಂಡು ಎಂದು ಭಾವಿಸಿದವರಿಗೆ ಹೆಚ್ಚು ಅಂಕ ಬಂತು. ಉತ್ತರಪತ್ರಿಕೆಯನ್ನು ಒಂದೇ ಸಮಯಕ್ಕೆ ತಿದ್ದಿ ಕೊಟ್ಟಿದ್ದರೂ "ಬೇಗ ಕೊಡುತ್ತಾರೆ" ಎಂಬುದರಲ್ಲೂ ಹೆಣ್ಣು ಹೆಸರಿಗೆ ಕಡಿಮೆ. ಇಂಥ ಅಂಕವನ್ನು ಬಡ್ತಿಯ ಕಡತಕ್ಕೆ ಸೇರಿಸುವ ಮೊದಲು ಯೋಚಿಸಬೇಕು.

---

ಮೂರನೇ ಸೆಮಿಸ್ಟರ್

ಎಲ್ಲ ಓದಿದೆ. ಸೀಟಿನ ಬಗ್ಗೆ ಇನ್ನೂ ಯೋಚಿಸ್ತಾ ಇದ್ದೀನಿ, ಪೂರ್ತಿ ಒಪ್ಪಿಗೆ ಆಗಿಲ್ಲ. ಆದರೆ ಸ್ಪ್ಯಾನರ್ ಸರ್ ಬರೆದದ್ದು ನಮ್ಮ ಬ್ಯಾಚಿನಲ್ಲೂ ಹಾಗೇ ಇದೆ. ನಾಳೆ ನಮ್ಮ ರೋಬೋಟಿಕ್ಸ್ ಕ್ಲಬ್ ಮೀಟಿಂಗ್ ಇದೆ. ತಂಡದಲ್ಲಿ ಇರೋ ಮೂವರು ಹುಡುಗಿಯರೂ ಡಾಕ್ಯುಮೆಂಟೇಷನ್ ಮತ್ತು ಸ್ಪಾನ್ಸರ್‌ಶಿಪ್‌ನಲ್ಲೇ ಇದ್ದಾರೆ. ಪಾತ್ರ ಬದಲಾಯಿಸೋಣ ಅಂತ ಕೇಳ್ತೀನಿ.

---

ಕಡಲಹಕ್ಕಿ

ಎಲ್ಲರಿಗೂ ಧನ್ಯವಾದ. ಸಭೆಗೆ ನಾನು ಪರ್ಯಾಯ ಕಾರ್ಯಸೂಚಿ ಒಯ್ಯುತ್ತಿದ್ದೇನೆ. ಜಾಗ, ಅನುದಾನ, ಬೋಧನೆಯ ಹೊರೆ ಮತ್ತು ಬಿಟ್ಟುಹೋದವರ ಲೆಕ್ಕ ಮೊದಲು. ಗೈಡ್ ಬದಲಾವಣೆಯ ನಿಯಮ, ಲ್ಯಾಬಿನ ಅಪಾಯದ ಪಟ್ಟಿ, ನೇಮಕಾತಿಗೆ ಮುಂಚೆಯೇ ಬರೆದಿಡುವ ಮಾನದಂಡ, ಎಲ್ಲರಿಗೂ ಒದಗುವ ಶೌಚಾಲಯ ಆಮೇಲೆ. ಸ್ಪ್ಯಾನರ್ ಅವರಂಥ ತಾಂತ್ರಿಕ ಸಿಬ್ಬಂದಿಗೂ ಒಬ್ಬ ಸಂಶೋಧಕರಿಗೂ ಸಮಿತಿಯಲ್ಲಿ ಮತದ ಹಕ್ಕಿನ ಸ್ಥಾನ ಕೇಳುತ್ತೇನೆ. ಐರೋಪ್ಯ ಒಕ್ಕೂಟದ ಸಂಶೋಧನಾ ಹಣ ಬೇಕಾದ ವಿಶ್ವವಿದ್ಯಾಲಯಗಳು 2022ರಿಂದ ಸಮಾನತಾ ಯೋಜನೆಯನ್ನು ಬಹಿರಂಗವಾಗಿ ಪ್ರಕಟಿಸಲೇಬೇಕು. ಅದಕ್ಕೆ ಪ್ರತ್ಯೇಕ ಸಂಪನ್ಮೂಲ ಮೀಸಲಿಡಬೇಕು, ಅಂಕಿಅಂಶ ಸಂಗ್ರಹಿಸಬೇಕು, ತರಬೇತಿಯೂ ಕೊಡಬೇಕು. ಯಾರೂ ಒತ್ತಾಯಿಸದಿದ್ದರೂ ನಾವೂ ಹಾಗೇ ಮಾಡಬಹುದು ಎಂದು ವಾದಿಸುತ್ತೇನೆ.

ಇನ್ನೊಂದು ಸಂಗತಿ ಈ ಪಟ್ಟಿ ಮಾಡುವಾಗ ಹೊಳೆಯಿತು. ಸಮಿತಿಯ ಎಂಟು ಸದಸ್ಯರಲ್ಲಿ ಆರು ಮಂದಿ ಹೆಂಗಸರು. ಇಡೀ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯರು ಇರುವುದೇ ಬೆರಳೆಣಿಕೆಯಷ್ಟು. ನಾವು ಇಲ್ಲಿ ಕೂತು ವರದಿ ಬರೆಯುವ ಹೊತ್ತಿನಲ್ಲಿ ಉಳಿದವರು ಪ್ರಬಂಧ ಬರೆಯುತ್ತಿರುತ್ತಾರೆ. ಈ ಕೆಲಸಕ್ಕೆ ಬೋಧನೆಯಲ್ಲಿ ವಿನಾಯಿತಿ ಕೊಡಿ, ಬಡ್ತಿಯಲ್ಲಿ ಲೆಕ್ಕ ಹಿಡಿಯಿರಿ ಎಂದು ಬರವಣಿಗೆಯಲ್ಲೇ ಕೇಳುತ್ತಿದ್ದೇನೆ.

ಒಂದು ಸಂದೇಹ ಉಳಿದಿದೆ. ನಮ್ಮ ಕೆಲವು ವಿಭಾಗಗಳಲ್ಲಿ ಇಬ್ಬರೇ ಮಹಿಳೆಯರು. ಅಲ್ಲಿನ ಸಂಬಳ, ದೂರಿನ ಸಂಖ್ಯೆ ಪ್ರಕಟಿಸಿದರೆ ಅದು ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಏನು ಮಾಡುವುದು?

---

ಅಂಕಿಸಂಖ್ಯೆ

ಮೇಡಂ, ಐದಕ್ಕಿಂತ ಕಡಿಮೆ ಜನ ಇರುವ ಗುಂಪಿನ ಅಂಕಿಯನ್ನು ಬಿಡಿಯಾಗಿ ಪ್ರಕಟಿಸಬೇಡಿ. ಹತ್ತಿರದ ಎರಡು ಮೂರು ವಿಭಾಗಗಳನ್ನು ಒಟ್ಟುಗೂಡಿಸಿ, ಅಥವಾ ಮೂರು ವರ್ಷದ ಲೆಕ್ಕವನ್ನು ಸೇರಿಸಿ ಕೊಡಿ. ಒಟ್ಟು ಸಂಖ್ಯೆಯಿಂದ ಕಳೆದು ಉಳಿದದ್ದನ್ನು ಕಂಡುಹಿಡಿಯಲು ಬರದಂತೆ ಇನ್ನೊಂದು ಸಣ್ಣ ಗುಂಪನ್ನೂ ಅದರ ಜೊತೆ ಮರೆಮಾಡಬೇಕು, ಇದನ್ನು ಹಲವರು ಮರೆಯುತ್ತಾರೆ. ದೂರುಗಳನ್ನು ವಿಭಾಗವಾರು ಕೊಡಲೇಬೇಡಿ. ಇಡೀ ವಿಶ್ವವಿದ್ಯಾಲಯಕ್ಕೆ ಎಷ್ಟು ಬಂದವು, ಎಷ್ಟು 90 ದಿನದೊಳಗೆ ಮುಗಿದವು ಎಂಬುದು ಸಾಕು. ಸಮಿತಿಯ ಒಳಗಿನ ಬಳಕೆಗೆ ಪೂರ್ತಿ ವಿವರ ಇರಲಿ, ಅದನ್ನು ಯಾರು ತೆರೆದರು ಎಂಬ ದಾಖಲೆಯೂ ಇರಲಿ. ಲ್ಯಾಬಿನ ಜಾಗಕ್ಕೆ ಮಾತ್ರ ಈ ಗೋಪ್ಯತೆ ಬೇಕಿಲ್ಲ, ಕಟ್ಟಡದ ನಕ್ಷೆ ಕಟ್ಟಡಗಳನ್ನು ನೋಡಿಕೊಳ್ಳುವ ಎಸ್ಟೇಟ್ ಕಚೇರಿಯಲ್ಲಿ ಸಿಗುತ್ತದೆ. ಅಲ್ಲಿಂದಲೇ ಶುರುಮಾಡಿ.